ಚೆನ್ ರಾಜಕುಮಾರಿಯ ಚಿನ್ನ: ಉತ್ತರ ಚೀನಾದ ಹುಲ್ಲುಗಾವಲಿನ ಒಂದು ಸಮಾಧಿಯ ಕಥೆ

ಮುಖವಾಡದ ಅಂಚಿನುದ್ದಕ್ಕೂ ಸಣ್ಣ ಸಣ್ಣ ತೂತುಗಳಿವೆ. ಎಣಿಸಿದರೆ 33. ಗಾಜಿನ ಪೆಟ್ಟಿಗೆಯ ಮುಂದೆ ನಿಂತವರ ಕಣ್ಣು ಮೊದಲು ಹೋಗುವುದು ಆ ತುಂಬಿದ ಕೆನ್ನೆ, ನೀಳ ಮೂಗು, ಮುಚ್ಚಿದ ತುಟಿಗಳ ಕಡೆಗೆ. ಅದು ಸಹಜ. ಆದರೆ ಈ ತೂತುಗಳು ಯಾಕಿವೆ ಅಂತ ಕೇಳಿದರೆ ಸಾಕು, ಸಾವಿರ ವರ್ಷದ ಹಿಂದಿನ ಒಂದು ಜನಾಂಗದ ಬದುಕು, ನಂಬಿಕೆ, ವ್ಯಾಪಾರ ಎಲ್ಲ ಬಿಚ್ಚಿಕೊಳ್ಳುತ್ತದೆ.

ತೀರಿಕೊಂಡ ಒಬ್ಬ ಹುಡುಗಿಯ ಮುಖಕ್ಕೆ ಹೊದಿಸಿದ ಚಿನ್ನದ ತಗಡು ಇದು. ತೂತುಗಳಲ್ಲಿ ಬೆಳ್ಳಿ ತಂತಿ ಪೋಣಿಸಿ, ಅವಳ ತಲೆಗೆ ಸುತ್ತಿದ್ದ ಬೆಳ್ಳಿ ಜಾಲರಿಗೆ ಬಿಗಿದು ಕಟ್ಟಿದ್ದರು. ಮುಖವಾಡದ ಉದ್ದ 20.5 ಸೆಂಟಿಮೀಟರ್, ಅಗಲ 17.2. ತೂಕ 184 ಗ್ರಾಂ. ನಮ್ಮ ಲೆಕ್ಕದಲ್ಲಿ ಹದಿನಾರು ತೊಲಕ್ಕೆ ಸ್ವಲ್ಪ ಕಮ್ಮಿ. ಹುಡುಗಿ ಸತ್ತದ್ದು 1018ರಲ್ಲಿ. ಆಗ ಅವಳಿಗೆ 18 ವರ್ಷ. ಚೀನೀಯರ ಹಳೆಯ ಲೆಕ್ಕದಲ್ಲಿ ಹುಟ್ಟಿದ ಕೂಡಲೇ ಮಗುವಿಗೆ ಒಂದು ವರ್ಷ. ಹಾಗಾಗಿ ನಾವು ಲೆಕ್ಕ ಹಾಕುವ ರೀತಿಯಲ್ಲಿ ಅವಳಿಗೆ ಹದಿನೇಳೇ ಇದ್ದಿರಬಹುದು.

2006ರ ಕೊನೆಯ ಮೂರು ತಿಂಗಳು ನ್ಯೂಯಾರ್ಕಿನ ಏಷ್ಯಾ ಸೊಸೈಟಿ ಮ್ಯೂಸಿಯಂನಲ್ಲಿ ಒಂದು ಪ್ರದರ್ಶನ ನಡೆಯಿತು. ಚೀನಾದ ಲಿಯಾವ್ ಸಾಮ್ರಾಜ್ಯದ ಚಿನ್ನ, ಬೆಳ್ಳಿ, ಜೇಡ್, ಅಂಬರ್, ಮರದ ಕೆಲಸ ಎಲ್ಲವನ್ನೂ ಚೀನಾದ ಉತ್ತರದ ಪ್ರಾಂತವಾದ ಒಳ ಮಂಗೋಲಿಯಾದಿಂದ ತಂದು ಇಟ್ಟಿದ್ದರು. ಆ ಪ್ರದರ್ಶನದ ಜೀವಾಳ ಈ ಹುಡುಗಿಯ ಸಮಾಧಿಯಲ್ಲಿ ಸಿಕ್ಕ ವಸ್ತುಗಳು. ಮರುವರ್ಷ ಅದು ಯುರೋಪಿಗೂ ಹೋಯಿತು. ಚೀನಾ ಅಂದ ಕೂಡಲೇ ರೇಷ್ಮೆ, ಪಿಂಗಾಣಿ, ಮಹಾಗೋಡೆ ಅಂದುಕೊಳ್ಳುವ ನಮಗೆ ಗೋಡೆಯ ಆಚೆಗಿನ ಈ ಚಿನ್ನ ಅಷ್ಟಾಗಿ ಪರಿಚಯವಿಲ್ಲ. ಯಾರಿವರು? ಸತ್ತವರಿಗೆ ಯಾಕೆ ಚಿನ್ನದ ಮುಖ ಹೊದಿಸುತ್ತಿದ್ದರು? ಹುಲ್ಲುಗಾವಲಿನ ಕುದುರೆ ಸವಾರರಿಗೆ ಇಷ್ಟು ಬಂಗಾರ ಎಲ್ಲಿಂದ ಬಂತು?

ಸಮಾಧಿ ಸಿಕ್ಕಿದ್ದು ಒಳ ಮಂಗೋಲಿಯಾದ ಪೂರ್ವ ಭಾಗದಲ್ಲಿ, ನೈಮನ್ ಎಂಬ ಕಡೆ. ಅಲ್ಲಿನ ಬೆಟ್ಟದ ಬುಡದಲ್ಲಿ ಕೆರೆ ಕಟ್ಟುವ ಕೆಲಸ ನಡೆದಿತ್ತು. ಮಣ್ಣು ಅಗೆಯುವಾಗ ಗೋರಿ ಕಾಣಿಸಿತು. 1986ರಲ್ಲಿ ಪುರಾತತ್ವದವರು ಅದನ್ನು ಪೂರ್ತಿ ಬಿಡಿಸಿದರು. ಈ ಪ್ರದೇಶದ ಹೆಚ್ಚಿನ ಗೋರಿಗಳನ್ನು ಕಳ್ಳರು ಎಂದೋ ಬರಿದು ಮಾಡಿದ್ದರು. ಇದನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಒಳಗೆ ಸಾವಿರಾರು ವಸ್ತುಗಳು ಇಟ್ಟಲ್ಲೇ ಇದ್ದವು. ಚಿನ್ನ ಸುಮಾರು 1,700 ಗ್ರಾಂ. ಬೆಳ್ಳಿ ಹತ್ತು ಕಿಲೋದಷ್ಟು.

ಒಳಗೆ ಇಳಿಯುವ ದಾರಿಯ ಗೋಡೆಗಳ ಮೇಲೆ ಚಿತ್ರ ಬರೆದಿದ್ದಾರೆ. ಜೀನು ಕಟ್ಟಿದ ಕುದುರೆಗಳನ್ನು ಹಿಡಿದು ಆಳುಗಳು ಕಾಯುತ್ತಿದ್ದಾರೆ, ಒಡೆಯರು ಇನ್ನೇನು ಹೊರಗೆ ಬರುತ್ತಾರೆ ಅನ್ನುವ ಹಾಗೆ. ಕೊನೆಯ ಕೋಣೆ ದುಂಡಗಿದೆ, ಮೇಲೆ ಗುಮ್ಮಟ. ಇದು ಹುಲ್ಲುಗಾವಲಿನ ಗುಡಾರದ ಆಕಾರವೇ ಎಂದು ತಿಳಿದವರು ಹೇಳುತ್ತಾರೆ. ಇಟ್ಟಿಗೆಯಲ್ಲಿ ಕಟ್ಟಿದ ಗುಡಾರ ಅಂತಿಟ್ಟುಕೊಳ್ಳಿ. ಆ ಕೋಣೆಯಲ್ಲಿ ಶವಪೆಟ್ಟಿಗೆ ಇರಲಿಲ್ಲ. ಇಟ್ಟಿಗೆಯ ಮಂಚದ ಮೇಲೆ ಗಂಡ ಹೆಂಡತಿ ಪಕ್ಕಪಕ್ಕ ಮಲಗಿದ್ದರು. ತಲೆಯ ಕೆಳಗೆ ಬೆಳ್ಳಿಯ ದಿಂಬು.

ಗಂಡನ ಹೆಸರು ಶಿಯಾವ್ ಶಾವ್‌ಜು. ಅವನು ಅವಳಿಗಿಂತ ಮೊದಲೇ ತೀರಿಕೊಂಡಿದ್ದ. ಹೆಂಡತಿಯನ್ನು ತಂದು ಅವನ ಪಕ್ಕ ಮಲಗಿಸಿದರು. ಒಳಗೆ ಸಿಕ್ಕ ಕಲ್ಲಿನ ಬರಹದಿಂದ ಇವಳು ಯಾರೆಂದು ಗೊತ್ತಾಯಿತು. ‘ಚೆನ್ ರಾಜಕುಮಾರಿ’ ಅನ್ನುವುದು ಅವಳ ಹೆಸರಲ್ಲ, ಸತ್ತ ಮೇಲೆ ಚಕ್ರವರ್ತಿ ಕೊಟ್ಟ ಬಿರುದು. ಅವಳು ಚಕ್ರವರ್ತಿ ಶೆಂಗ್‌ಜೊಂಗ್‌ನ ತಮ್ಮನ ಮಗಳು.

ಈಗ ಮತ್ತೆ ಆ ತೂತುಗಳಿಗೆ ಬರೋಣ. ಇಬ್ಬರ ಮೈಯನ್ನೂ ಬೆಳ್ಳಿ ತಂತಿಯ ಜಾಲರಿಯಲ್ಲಿ ಸುತ್ತಿದ್ದರು. ತಂತಿಯ ದಪ್ಪ ಅರ್ಧ ಮಿಲಿಮೀಟರ್. ತಲೆ, ತೋಳು, ಕೈ, ಎದೆ ಹೊಟ್ಟೆ, ಕಾಲು, ಪಾದ ಒಂದೊಂದಕ್ಕೂ ಬೇರೆ ಬೇರೆ ತುಂಡು ಹೆಣೆದು, ಆಮೇಲೆ ಜೋಡಿಸಿದ್ದಾರೆ. ಕೈಯ ಜಾಲರಿಯಲ್ಲಿ ಐದು ಬೆರಳಿಗೂ ಒಂದೊಂದು ಗೂಡು. ನಮ್ಮ ಕೈಗವಸಿನ ಹಾಗೆ. ಆ ಜಾಲರಿಯ ಬೆರಳುಗಳ ಮೇಲೆ ಚಿನ್ನದ ಉಂಗುರ ತೊಡಿಸಿದ್ದರು. ರಾಜಕುಮಾರಿಯ ಕೈಗಳಲ್ಲಿ ಹನ್ನೊಂದು, ಗಂಡನ ಕೈಗಳಲ್ಲಿ ಆರು. ಅಂದರೆ ಮೊದಲು ಜಾಲರಿ, ಅದರ ಮೇಲೆ ಒಡವೆ. ಬದುಕಿದ್ದಾಗ ತೊಟ್ಟ ಉಂಗುರ ಸುಮ್ನೆ ಹಾಗೇ ಉಳಿದುಹೋಗಿದ್ದಲ್ಲ. ಯಾರೋ ಕೂತು, ಒಂದೊಂದು ಬೆರಳನ್ನು ತಂತಿಯಲ್ಲಿ ಸುತ್ತಿ, ಆಮೇಲೆ ಒಂದೊಂದಾಗಿ ಉಂಗುರ ಏರಿಸಿದ್ದಾರೆ.

ಮುಖವಾಡ ಮಾಡಿದ ಬಗೆ ನಮ್ಮ ಅಕ್ಕಸಾಲಿಗಳಿಗೆ ಹೊಸದೇನಲ್ಲ. ನಮ್ಮ ದೇವಸ್ಥಾನಗಳಲ್ಲಿ ದೇವರಿಗೆ ಹಾಕುವ ಬೆಳ್ಳಿಯ ಮುಖವಾಡ ನೋಡಿದ್ದೀರಲ್ವಾ? ಅದೇ ತರಹ, ತಗಡನ್ನು ಅಚ್ಚಿನ ಮೇಲಿಟ್ಟು ಸಣ್ಣ ಸುತ್ತಿಗೆಯಲ್ಲಿ ಬಡಿಯುತ್ತಾ ಹೋಗುವುದು. ಚಿನ್ನ ಮೆತ್ತಗಿನ ಲೋಹ. ಬಡಿದಷ್ಟೂ ಹರಡುತ್ತದೆ, ಹರಿಯುವುದಿಲ್ಲ. ಹಾಗೆ ಬಡಿದೂ ಬಡಿದೂ ಅರ್ಧ ಮಿಲಿಮೀಟರಿಗಿಂತ ದಪ್ಪ ಇಲ್ಲದ ತಗಡಿನಲ್ಲಿ ಕೆನ್ನೆಯ ಉಬ್ಬು, ಗಲ್ಲದ ತಿರುವು ತಂದಿದ್ದಾರೆ. ಹುಬ್ಬಿನ ಕೂದಲನ್ನು ಉಳಿಯಿಂದ ತೆಳ್ಳಗೆ ಗೀರಿದ್ದಾರೆ. ಕಿವಿಗಳನ್ನು ಬೇರೆ ಮಾಡಿ ಆಮೇಲೆ ಕೂಡಿಸಿದ್ದಾರೆ. ಗಂಡನ ಮುಖವಾಡ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಬೇರೆ ಮುಖಗಳು ಅಂತ ತಕ್ಷಣ ಗೊತ್ತಾಗುತ್ತದೆ. ಒಂದೇ ಅಚ್ಚಿನಲ್ಲಿ ಹತ್ತು ಒತ್ತಿದ ಕೆಲಸ ಅಲ್ಲ ಅದು.

ಇಬ್ಬರ ಕಾಲಿಗೂ ಬೂಟು ಹಾಕಿದ್ದರು. ಸವಾರರು ಹಾಕುವ ಉದ್ದನೆಯ ಚರ್ಮದ ಬೂಟಿನದೇ ಆಕಾರ, ಆದರೆ ಬೆಳ್ಳಿ ತಗಡಿನದು. ಮೇಲೆ ಫೀನಿಕ್ಸ್ ಹಕ್ಕಿಯ ಚಿತ್ರ ಕೊರೆದು, ಅದಕ್ಕೆ ಮಾತ್ರ ಚಿನ್ನದ ಬಣ್ಣ ಕೊಟ್ಟಿದ್ದಾರೆ. ಈ ಚಿನ್ನ ಹಚ್ಚುವ ವಿಧಾನವನ್ನು ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಲಿಯಾವ್ ಕಾಲದ ‘ಚಿನ್ನ’ದಲ್ಲಿ ದೊಡ್ಡ ಪಾಲು ನಿಜಕ್ಕೂ ಚಿನ್ನ ಹಚ್ಚಿದ ಬೆಳ್ಳಿ. ಚಿನ್ನದ ಪುಡಿಯನ್ನು ಪಾದರಸದಲ್ಲಿ ಕಲಸಿದರೆ ಬೆಣ್ಣೆಯಂಥ ಮುದ್ದೆ ಆಗುತ್ತದೆ. ಅದನ್ನು ಬೆಳ್ಳಿಯ ಮೇಲೆ ಬೇಕಾದ ಕಡೆ ಸವರಬೇಕು. ಆಮೇಲೆ ಕೆಂಡದ ಮೇಲೆ ಕಾಯಿಸಬೇಕು. ಪಾದರಸ ಆವಿಯಾಗಿ ಹೋಗುತ್ತದೆ, ಚಿನ್ನ ಬೆಳ್ಳಿಗೆ ಕಚ್ಚಿಕೊಂಡು ಉಳಿಯುತ್ತದೆ. ಕೊನೆಗೆ ನಯವಾದ ಕಲ್ಲಿನಿಂದ ಉಜ್ಜಿದರೆ ಹೊಳಪು. ಆ ಹೊಗೆ ವಿಷ. ವರ್ಷಗಟ್ಟಲೆ ಈ ಕೆಲಸ ಮಾಡಿದವರ ಮೈ ಏನಾಗಿರಬಹುದು ಅಂತ ಆ ಬೂಟುಗಳನ್ನು ನೋಡುವಾಗ ನೆನಪಾಗದೆ ಇರುವುದಿಲ್ಲ.

ಯಾಕೆ ಇಷ್ಟೆಲ್ಲ? ಈ ಜನ ತಮ್ಮ ಬಗ್ಗೆ ತಾವೇ ಬರೆದದ್ದು ಕಮ್ಮಿ, ಉಳಿದದ್ದು ಇನ್ನೂ ಕಮ್ಮಿ. ಆದರೆ ದಕ್ಷಿಣದ ಸೊಂಗ್ ರಾಜ್ಯದ ಒಬ್ಬ ಚೀನೀ ಬರಹಗಾರ ಇವರ ಶವಸಂಸ್ಕಾರದ ಬಗ್ಗೆ ಬರೆದಿಟ್ಟಿದ್ದಾನೆ. ಸಿರಿವಂತರು ಸತ್ತರೆ ಹೊಟ್ಟೆಯನ್ನು ಬಗೆದು ತೊಳೆದು, ಉಪ್ಪು ಮತ್ತು ಪಟಿಕ ತುಂಬುತ್ತಾರೆ, ಚರ್ಮಕ್ಕೆ ಚೂಪಾದ ಜೊಂಡಿನ ಕೊಳವೆ ಚುಚ್ಚಿ ರಕ್ತ, ಕೊಬ್ಬು ಇಳಿಸುತ್ತಾರೆ, ಮುಖಕ್ಕೆ ಚಿನ್ನದ ಇಲ್ಲವೇ ಬೆಳ್ಳಿಯ ಮುಖವಾಡ ಹಾಕಿ ಕೈಕಾಲಿಗೆ ತಾಮ್ರದ ತಂತಿ ಸುತ್ತುತ್ತಾರೆ ಎಂದು. ಓದಿದವರು ಇದು ಶತ್ರುಗಳ ಬಗ್ಗೆ ಕಟ್ಟಿದ ಕಥೆ ಇರಬೇಕು ಅಂದುಕೊಳ್ಳಬಹುದಿತ್ತು. ನೆಲ ಅಗೆದಾಗ ಮುಖವಾಡಗಳೂ ಸಿಕ್ಕವು, ತಂತಿಯ ಜಾಲರಿಗಳೂ ಸಿಕ್ಕವು.

ದೇಹ ಕೆಡದಂತೆ ಕಾಯುವ ಅಗತ್ಯ ಇವರಿಗೆ ನಿಜವಾಗಿಯೂ ಇತ್ತು. ವರ್ಷವಿಡೀ ತಿರುಗಾಡುವ ಜನ. ಸಾವು ಎಲ್ಲೋ ಆಗುತ್ತದೆ, ಹೂಳುವ ಜಾಗ ಇನ್ನೆಲ್ಲೋ ಇರುತ್ತದೆ. 947ರಲ್ಲಿ ಇವರ ಎರಡನೆಯ ಚಕ್ರವರ್ತಿ ದಕ್ಷಿಣಕ್ಕೆ ದಂಡೆತ್ತಿ ಹೋಗಿ, ಕೈಫೆಂಗ್ ನಗರ ಗೆದ್ದು, ವಾಪಸ್ ಬರುವ ದಾರಿಯಲ್ಲಿ ತೀರಿಕೊಂಡ. ಬಿಸಿಲ ಕಾಲ. ಜೊತೆಯವರು ಹೊಟ್ಟೆ ಬಗೆದು ಉಪ್ಪು ತುಂಬಿ ದೇಹವನ್ನು ಉತ್ತರಕ್ಕೆ ಸಾಗಿಸಿದರು. ಚೀನೀಯರು ಅದನ್ನು ‘ಅರಸನ ಒಣಮಾಂಸ’ ಅಂತ ಹಂಗಿಸಿದರು. ಸೋತವರ ಕೈಯಲ್ಲಿ ಲೇಖನಿ ಇದ್ದರೆ ಹೀಗೇ. ಹೆತ್ತ ತಾಯಿ ಇರುವ ಊರಿಗೆ ಮಗನ ದೇಹವನ್ನು ಹೇಗಾದರೂ ಮುಟ್ಟಿಸಬೇಕು ಎಂಬ ಕಳಕಳಿ ಆ ಮೂದಲಿಕೆಯಲ್ಲಿ ಮರೆಯಾಗಿಹೋಯಿತು.

ಆದರೆ ಚಿನ್ನದ ಮುಖ ಯಾಕೆ ಎಂಬುದಕ್ಕೆ ಒಂದೇ ಉತ್ತರ ಇಲ್ಲ. ಆತ್ಮಗಳ ಜೊತೆ ಮಾತಾಡುವ ಹಳೆಯ ಶಾಮನ ಪೂಜಾರಿಗಳ ನಂಬಿಕೆ, ಅಂದರೆ ಆತ್ಮ ಚದುರದಂತೆ ಮುಖವನ್ನು ಹಿಡಿದಿಡುವುದು ಎಂದು ಕೆಲವರು. ಬುದ್ಧನ ಚಿನ್ನದ ಮೈಬಣ್ಣದ ಪ್ರಭಾವ ಎಂದು ಕೆಲವರು. ನನಗೆ ಅನ್ನಿಸುವುದು ಇಷ್ಟು. ಮಾಂಸ ಕೊಳೆಯುತ್ತದೆ, ಮುಖ ಹೋಗುತ್ತದೆ. ಚಿನ್ನ ಹೋಗುವುದಿಲ್ಲ. ಪ್ರೀತಿಯವರ ಮುಖ ಉಳಿಯಬೇಕು ಅನ್ನುವ ಆಸೆಗೆ ಇದಕ್ಕಿಂತ ದೊಡ್ಡ ಸಿದ್ಧಾಂತ ಬೇಕಾಗಿಲ್ಲ.

ಈ ಜನರ ಹೆಸರು ಖಿತಾನ್. ಈಗಿನ ಒಳ ಮಂಗೋಲಿಯಾ ಮತ್ತು ಈಶಾನ್ಯ ಚೀನಾದ ಹುಲ್ಲುಗಾವಲಿನಲ್ಲಿ ಕುದುರೆ, ಕುರಿ ಮೇಯಿಸಿಕೊಂಡಿದ್ದವರು. ಅವರ ಭಾಷೆ ಮಂಗೋಲ್ ಭಾಷೆಗೆ ದೂರದ ನೆಂಟ. 907ರಲ್ಲಿ ಅಬಾವ್‌ಜಿ ಎಂಬ ನಾಯಕ ಎಲ್ಲ ಬುಡಕಟ್ಟುಗಳ ಒಡೆಯನಾದ. 916ರಲ್ಲಿ ತನ್ನನ್ನು ಚಕ್ರವರ್ತಿ ಎಂದು ಕರೆದುಕೊಂಡ. ಅವನು ಕಟ್ಟಿದ ರಾಜ್ಯವೇ ಲಿಯಾವ್. ಅದು 1125ರವರೆಗೆ ಬಾಳಿತು. ಈಗಿನ ಬೀಜಿಂಗ್ ಅವರ ಐದು ರಾಜಧಾನಿಗಳಲ್ಲಿ ಒಂದು, ದಕ್ಷಿಣದ ರಾಜಧಾನಿ.

ರಾಜ್ಯ ನಡೆಸುವ ರೀತಿಯೂ ವಿಶೇಷ. ಖಿತಾನರಿಗೆ ಖಿತಾನ್ ಕಾನೂನು, ಖಿತಾನ್ ಅಧಿಕಾರಿಗಳು. ಉಳುಮೆ ಮಾಡುವ ಚೀನೀ ಪ್ರಜೆಗಳಿಗೆ ಚೀನೀ ಪದ್ಧತಿ, ಚೀನೀ ಅಧಿಕಾರಿಗಳು. ಒಂದೇ ಸಿಂಹಾಸನದ ಕೆಳಗೆ ಎರಡು ಸರ್ಕಾರ. ಊರುಗಳಿದ್ದರೂ ಚಕ್ರವರ್ತಿ ಊರಲ್ಲಿ ಕೂರುತ್ತಿರಲಿಲ್ಲ. ಒಂದೊಂದು ಋತುವಿಗೆ ಒಂದೊಂದು ಕಡೆ ಗುಡಾರ ಹಾಕಿ, ಇಡೀ ಆಸ್ಥಾನವನ್ನೇ ಕಟ್ಟಿಕೊಂಡು ತಿರುಗುತ್ತಿದ್ದ. ಅವರಿಗೆ ತಮ್ಮದೇ ಎರಡು ಲಿಪಿಗಳಿದ್ದವು. ದೊಡ್ಡ ಲಿಪಿ 920ರಲ್ಲಿ ಬಂತು, ಚಿಕ್ಕ ಲಿಪಿ ಅದಾದ ಕೆಲವೇ ವರ್ಷಕ್ಕೆ. ಎರಡನ್ನೂ ಇವತ್ತಿನವರೆಗೆ ಪೂರ್ತಿಯಾಗಿ ಓದಲು ಆಗಿಲ್ಲ. ಅವರ ಅಧಿಕೃತ ಚರಿತ್ರೆ ಬರೆದದ್ದು ಅವರು ಅಳಿದು ಇನ್ನೂರು ವರ್ಷ ಕಳೆದ ಮೇಲೆ, 1344ರಲ್ಲಿ, ಮಂಗೋಲರ ಆಸ್ಥಾನದಲ್ಲಿ. ಅದನ್ನೂ ಒಂದು ವರ್ಷದೊಳಗೆ ಆತುರಾತುರವಾಗಿ ಮುಗಿಸಿದರು. ಅದಕ್ಕೇ ನೆಲದಿಂದ ಬಂದ ವಸ್ತುಗಳಿಗೆ ಇಲ್ಲಿ ಇಷ್ಟು ಬೆಲೆ. ಬೇರೆಯವರ ಮಾತಿನ ಅಡ್ಡಿ ಇಲ್ಲದೆ ಖಿತಾನರನ್ನು ನೋಡಲು ಇರುವ ನೇರ ದಾರಿ ಇವೇ.

ಸಂಪತ್ತು ಹೇಗೆ ಬಂತು ಎಂಬ ಪ್ರಶ್ನೆಗೆ ಉತ್ತರ ರಾಜಕುಮಾರಿಯ ಅಜ್ಜಿಯ ಹತ್ತಿರ ಸಿಗುತ್ತದೆ. ಅಜ್ಜಿ ಅಂದರೆ ರಾಜಮಾತೆ ಚೆಂಗ್‌ತಿಯೆನ್. 982ರಲ್ಲಿ ಗಂಡ ಸತ್ತಾಗ ಮಗ ಶೆಂಗ್‌ಜೊಂಗ್ ಇನ್ನೂ ಚಿಕ್ಕ ಹುಡುಗ. ಅವಳೇ ರಾಜ್ಯ ಹಿಡಿದು, 1009ರಲ್ಲಿ ಸಾಯುವವರೆಗೂ ನಡೆಸಿದಳು. 1004ರಲ್ಲಿ ಸೈನ್ಯದ ಜೊತೆ ತಾನೇ ಸೊಂಗ್ ರಾಜ್ಯದೊಳಕ್ಕೆ ನುಗ್ಗಿದಳು. 1005ರ ಮೊದಲಲ್ಲಿ ಒಪ್ಪಂದ ಆಯಿತು. ಸೊಂಗ್ ಪ್ರತಿ ವರ್ಷ ಒಂದು ಲಕ್ಷ ತೇಲ್ ಬೆಳ್ಳಿ, ಅಂದರೆ ಸುಮಾರು 4 ಟನ್, ಜೊತೆಗೆ ಎರಡು ಲಕ್ಷ ಥಾನು ರೇಷ್ಮೆ ಕೊಡಬೇಕು. 1042ರಲ್ಲಿ ಅದನ್ನು ಎರಡು ಲಕ್ಷ ತೇಲ್, ಮೂರು ಲಕ್ಷ ಥಾನಿಗೆ ಏರಿಸಿದರು. ಕಾಣಿಕೆ ಕೊಟ್ಟ ಸೊಂಗ್‌ಗೂ ನಷ್ಟವಿರಲಿಲ್ಲ. ಯುದ್ಧದ ಖರ್ಚು ಇದಕ್ಕಿಂತ ಜಾಸ್ತಿ ಆಗುತ್ತಿತ್ತು. ಗಡಿಯ ಸಂತೆಗಳಲ್ಲಿ ವ್ಯಾಪಾರ ಬೆಳೆದು ಬಹುಪಾಲು ಬೆಳ್ಳಿ ವಾಪಸ್ ದಕ್ಷಿಣಕ್ಕೇ ಹೋಗುತ್ತಿತ್ತು. ಎರಡೂ ರಾಜ್ಯಗಳ ನಡುವೆ ನೂರು ವರ್ಷಕ್ಕೂ ಮೀರಿ ದೊಡ್ಡ ಯುದ್ಧ ಆಗಲಿಲ್ಲ. ರಾಜಕುಮಾರಿ ಬೆಳೆದದ್ದು ಆ ನೆಮ್ಮದಿಯ ಕಾಲದಲ್ಲಿ. ಅಜ್ಜಿ ಹೋದಾಗ ಅವಳಿಗೆ ಎಂಟೊಂಬತ್ತು ವರ್ಷ.

ಅವಳ ಮದುವೆಯ ರೀತಿ ನಮಗೆ ಬೇಗ ಅರ್ಥವಾಗುತ್ತದೆ. ರಾಜಮನೆತನ ಯೆಲು. ಹೆಣ್ಣು ಕೊಡುವ ಮನೆತನ ಶಿಯಾವ್. ಯೆಲು ಗಂಡಿಗೆ ಶಿಯಾವ್ ಹೆಣ್ಣು, ಯೆಲು ಹೆಣ್ಣಿಗೆ ಶಿಯಾವ್ ಗಂಡು. ತಲೆಮಾರುಗಳ ಉದ್ದಕ್ಕೂ ಕೊಟ್ಟು ತರುವ ಸಂಬಂಧ. ಅಜ್ಜಿಯೂ ಶಿಯಾವ್, ಗಂಡನೂ ಶಿಯಾವ್. ಶಾವ್‌ಜು ಚಕ್ರವರ್ತಿಯ ಹೆಂಡತಿಯ ಸೋದರ. ದೊಡ್ಡಪ್ಪನ ಭಾಮೈದನನ್ನು ಮದುವೆಯಾದಳು ಅನ್ನಿ. ಸೋದರಿಕೆಯಲ್ಲಿ ಮದುವೆ ಮಾಡಿ ಗೊತ್ತಿರುವ ನಮ್ಮ ಕಡೆಯವರಿಗೆ ಇದರ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ದಕ್ಷಿಣದ ಚೀನೀಯರಿಗೆ ಮಾತ್ರ ಈ ಜನ ತಲೆಮಾರಿನ ಮೇಲು ಕೆಳಗು ನೋಡದೆ ಮದುವೆಯಾಗುತ್ತಾರೆ ಎಂದು ವಿಚಿತ್ರವಾಗಿ ಕಾಣುತ್ತಿತ್ತು.

ಹುಲ್ಲುಗಾವಲಿನವರಿಗೆ ಚಿನ್ನದ ಮೋಹ ಹೊಸದಲ್ಲ. ಹಳೆಯ ಚೀನಾದಲ್ಲಿ ಮೊದಲ ಸ್ಥಾನ ಜೇಡ್‌ಗೆ ಮತ್ತು ಕಂಚಿಗೆ. ಚಿನ್ನವನ್ನು ಮೈಮೇಲೆ ಹೇರಿಕೊಳ್ಳುವ ಅಭ್ಯಾಸ ಉತ್ತರದ್ದು. 1972ರಲ್ಲಿ ಒಳ ಮಂಗೋಲಿಯಾದ ಓರ್ಡೋಸ್‌ನಲ್ಲಿ ಒಂದು ಚಿನ್ನದ ಕಿರೀಟ ಸಿಕ್ಕಿತು. ಖಿತಾನರಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು. ಶಿಯೊಂಗ್‌ನು ಎಂಬ ಅಲೆಮಾರಿಗಳದ್ದು ಎನ್ನುತ್ತಾರೆ. ತೂಕ ಸುಮಾರು 1.4 ಕಿಲೋ. ಮೇಲೆ ರೆಕ್ಕೆ ಬಿಚ್ಚಿದ ಹದ್ದು ನಿಂತಿದೆ, ಅದರ ತಲೆ, ಕತ್ತು ನೀಲಿ ಹಸಿರಿನ ಫಿರೋಜಾ ಕಲ್ಲಿನದು. ಕೆಳಗೆ ತೋಳಗಳು ಟಗರುಗಳನ್ನು ಕಚ್ಚುತ್ತಿವೆ. ದಿನಾ ಹಿಂಡು ಕಾಯುವವರು ಕಂಡದ್ದನ್ನೇ ಚಿನ್ನದಲ್ಲಿ ಮಾಡಿಸಿಕೊಂಡಿದ್ದಾರೆ. ಮನೆ, ಹೊಲ ಇಲ್ಲದವರ ಆಸ್ತಿ ಮೈಮೇಲೆ ಮತ್ತು ಕುದುರೆಯ ಮೇಲೆ ಇರಬೇಕು. ಹೊತ್ತೊಯ್ಯಲು ಬರಬೇಕು. ದೂರದಿಂದಲೇ ಹೊಳೆಯಬೇಕು. ರಾಜಕುಮಾರಿಯ ಸಮಾಧಿಯಲ್ಲೂ ಎರಡು ಕುದುರೆಗೆ ಆಗುವಷ್ಟು ಪೂರ್ತಿ ಸಾಜು ಇತ್ತು. ಜೀನು, ಕಡಿವಾಣ, ರಿಕಾಪು, ಎದೆಪಟ್ಟಿ, ಎಲ್ಲದಕ್ಕೂ ಬೆಳ್ಳಿ, ಜೇಡ್.

ಸೊಂಟದ ಪಟ್ಟಿಯೂ ಹಾಗೇ. ಸವಾರನಿಗೆ ಬೇಕಾದದ್ದೆಲ್ಲ ಪಟ್ಟಿಯಲ್ಲಿ ನೇತಾಡುತ್ತದೆ. ಚಾಕು, ದಬ್ಬಳ, ಸಂಚಿ, ಸೂಜಿ ಇಡುವ ಕೊಳವೆ. ರಾಜಕುಮಾರಿಯ ಪಟ್ಟಿಯಲ್ಲಿ ಸಂಚಿ ಚಿನ್ನದ್ದು, ತೂತುಗೆಲಸ ಮಾಡಿದ್ದು. ಸೂಜಿಯ ಕೊಳವೆಯೂ ಚಿನ್ನದ್ದೇ. ಗುಡಾರದಲ್ಲಿ ಹೊಲಿಗೆ ಹಾಕುವ ಹೆಂಗಸಿನ ಸಾಮಾನು ಅದು. ರಾಜಮನೆತನದ ಮಗಳಾದರೂ ಆ ಸಾಮಾನು ಬಿಡಲಿಲ್ಲ, ಲೋಹವನ್ನಷ್ಟೇ ಬದಲಿಸಿದರು.

ನನಗೆ ಈ ಸಮಾಧಿಯಲ್ಲಿ ಚಿನ್ನಕ್ಕಿಂತ ಬೆರಗು ಹುಟ್ಟಿಸುವುದು ಅಂಬರ್. ಅಂಬರ್ ಅಂದರೆ ಲಕ್ಷಾಂತರ, ಕೋಟ್ಯಂತರ ವರ್ಷ ನೆಲದಲ್ಲಿ ಹೂತು ಕಲ್ಲಿನಂತಾದ ಮರದ ಅಂಟು. ಜೇನಿನ ಬಣ್ಣ, ಹಿಡಿದರೆ ಹಗುರ, ಮುಟ್ಟಿದರೆ ಕಲ್ಲಿನಷ್ಟು ತಣ್ಣಗಿರುವುದಿಲ್ಲ. ಈ ಒಂದು ಗೋರಿಯಲ್ಲಿ ಸಣ್ಣದು ದೊಡ್ಡದು ಸೇರಿ ಎರಡು ಸಾವಿರಕ್ಕೂ ಜಾಸ್ತಿ ತುಂಡುಗಳಿದ್ದವು. ಉದ್ದುದ್ದ ಸರಗಳು, ಮೀನು ಹಕ್ಕಿಗಳ ಪದಕಗಳು, ಅಂಗೈಯಲ್ಲಿ ಹಿಡಿಸಿದ್ದ ತುಂಡುಗಳು. ಚೀನಾದ ಬೇರೆ ಯಾವ ಕಾಲದಲ್ಲೂ ಅಂಬರ್‌ಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ.

ಅದು ಎಲ್ಲಿಂದ ಬಂತು? ಇದನ್ನು ಕಂಡುಹಿಡಿಯುವ ಉಪಾಯ ಚೆನ್ನಾಗಿದೆ. ಅಮೆರಿಕದ ರಸಾಯನ ವಿಜ್ಞಾನಿ ಕರ್ಟ್ ಬೆಕ್ 1960ರ ದಶಕದಲ್ಲಿ ಒಂದು ವಿಷಯ ಗಮನಿಸಿದ್ದರು. ಅಂಬರ್‌ನ ಚೂರಿನ ಮೇಲೆ ಅತಿಗೆಂಪು ಬೆಳಕು ಹಾಯಿಸಿ, ಎಷ್ಟು ಬೆಳಕು ಹೀರಿಕೊಂಡಿತು ಎಂದು ಗೆರೆ ಎಳೆದರೆ, ಬಾಲ್ಟಿಕ್ ಸಮುದ್ರದ ದಂಡೆಯ ಅಂಬರ್‌ನ ಗೆರೆಯಲ್ಲಿ ಒಂದು ಕಡೆ ಭುಜದಂತೆ ಸಮತಟ್ಟು ಕಾಣುತ್ತದೆ. ಬೇರೆ ಕಡೆಯ ಅಂಬರ್‌ನಲ್ಲಿ ಆ ಭುಜ ಇರುವುದಿಲ್ಲ. ರಾಜಕುಮಾರಿಯ ಗೋರಿಯ ಅಂಬರ್‌ಗೂ ಈ ಪರೀಕ್ಷೆ ಮಾಡಿದರು. ಭುಜ ಕಾಣಿಸಿತು. ಅಂದರೆ ಈಗಿನ ಪೋಲೆಂಡ್, ಲಿಥುವೇನಿಯಾ ಕಡೆಯ ಕಡಲ ದಂಡೆಯಲ್ಲಿ ಹೆಕ್ಕಿದ ಅಂಟು ಕೈಯಿಂದ ಕೈಗೆ ಆರು ಸಾವಿರ ಕಿಲೋಮೀಟರಿಗೂ ಜಾಸ್ತಿ ದಾಟಿ ಒಳ ಮಂಗೋಲಿಯಾ ಸೇರಿತ್ತು.

ಗಾಜಿನ ಪಾತ್ರೆಗಳೂ ಅದೇ ತರಹ. ಗೋರಿಯಲ್ಲಿ ಏಳು ಇದ್ದವು. ಇಸ್ಲಾಮಿಕ್ ಜಗತ್ತಿನ ಕಾರ್ಖಾನೆಗಳಲ್ಲಿ ಊದಿ ಮಾಡಿದ ಮಾದರಿಗಳು. ಚಿನ್ನ ಬಿದ್ದರೆ ಸೊಟ್ಟಗಾಗುತ್ತದೆ, ಗಾಜು ಉಳಿಯುವುದಿಲ್ಲ. ಒಂಟೆಯ ಬೆನ್ನಿನ ಮೇಲೆ ಮರುಭೂಮಿಗಳನ್ನು ದಾಟಿ ಅದು ಒಡೆಯದೆ ಬಂದಿದೆ. ಈ ಪಶ್ಚಿಮದ ನಂಟಿಗೆ ಬರಹದ ಸಾಕ್ಷಿಯೂ ಇದೆ. ರಾಜಕುಮಾರಿಯ ದೊಡ್ಡಪ್ಪ ಶೆಂಗ್‌ಜೊಂಗ್ 1024ರಲ್ಲಿ ಒಬ್ಬ ಸುಲ್ತಾನನಿಗೆ ಸ್ನೇಹ ಬೇಡಿ ಪತ್ರ ಬರೆಸಿದ. ಆ ಸುಲ್ತಾನ ನಮಗೆಲ್ಲ ಶಾಲೆಯ ಪಾಠದಿಂದ ಗೊತ್ತಿರುವ ಘಜ್ನಿ ಮಹಮ್ಮದ್. ಸೋಮನಾಥದ ದಾಳಿ ನಡೆದ ಕಾಲವೂ ಅದೇ ಆಸುಪಾಸು. ಪತ್ರದ ವಿವರವನ್ನು ಮರ್ವಾಜಿ ಎಂಬ ಬರಹಗಾರ ಉಳಿಸಿದ್ದಾನೆ. ಮಹಮ್ಮದ್ ಸ್ನೇಹಕ್ಕೆ ಒಪ್ಪಲಿಲ್ಲ.

ಭಾರತದ ನಂಟು ಬೇರೆ ದಾರಿಯಲ್ಲಿ ಬಂದಿದೆ. ಲಿಯಾವ್ ಗೋರಿಗಳಲ್ಲಿ ಮತ್ತೆ ಮತ್ತೆ ಸಿಗುವ ಒಂದು ಒಡವೆ ಚಿನ್ನದ ಓಲೆ. ಆಕಾರ ನೋಡಿ: ಬಾಗಿದ ಮೀನಿನ ಮೈ, ಮೇಲಕ್ಕೆತ್ತಿದ ಬಾಲ, ಅಗಲವಾಗಿ ತೆರೆದ ಬಾಯಿ, ಸೊಂಡಿಲಿನಂತೆ ಮೇಲಕ್ಕೆ ಸುರುಳಿ ಸುತ್ತಿದ ಮೂತಿ. ಕನ್ನಡ ನಾಡಿನಲ್ಲಿ ಬೆಳೆದ ಯಾರಿಗಾದರೂ ಇದರ ಹೆಸರು ತಕ್ಷಣ ಹೊಳೆಯುತ್ತದೆ. ಮಕರ. ನಮ್ಮ ದೇವಸ್ಥಾನಗಳ ಮಕರ ತೋರಣದಲ್ಲಿ ಎರಡು ಬದಿಗೆ ಕೂತಿರುವ ಅದೇ ಪ್ರಾಣಿ. ಚೀನೀಯರೂ ಅದನ್ನು ಸಂಸ್ಕೃತದ ಹೆಸರನ್ನೇ ತಮ್ಮ ಉಚ್ಚಾರಕ್ಕೆ ಬಗ್ಗಿಸಿ ‘ಮೊಜಿಯೆ’ ಎನ್ನುತ್ತಾರೆ. ಬೌದ್ಧ ಭಿಕ್ಷುಗಳ ಜೊತೆ ಗಾಂಧಾರ, ಮಧ್ಯ ಏಷ್ಯಾ ದಾಟಿ ಹೋದ ಮಕರ ಅಲ್ಲಿ ಮೊದಲು ಬೆಳ್ಳಿ ತಟ್ಟೆಗಳ ಮೇಲೆ ಈಜಾಡಿತು, ಆಮೇಲೆ ಖಿತಾನರ ಕಿವಿಗೆ ಏರಿತು. ಮಕರದ ಆಕಾರದ ಓಲೆಗೆ ನಮ್ಮಲ್ಲಿ ಹೆಸರೇ ಇದೆಯಲ್ಲ, ಮಕರ ಕುಂಡಲ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ಆದದ್ದು 1117ರಲ್ಲಿ. ಲಿಯಾವ್ ಆಗಿನ್ನೂ ಇತ್ತು. ಹೊಯ್ಸಳ ಶಿಲ್ಪಿಗಳು ಇಲ್ಲಿ ಕಲ್ಲಿನಲ್ಲಿ ಮಕರ ಬಿಡಿಸುವ ಹೊತ್ತಿಗೆ ಅಲ್ಲಿ ಮಂಜು ಬೀಳುವ ಹುಲ್ಲುಗಾವಲಿನಲ್ಲೂ ಅಕ್ಕಸಾಲಿಗಳಿಗೆ ಅದು ಗುರುತಿನ ಪ್ರಾಣಿಯಾಗಿತ್ತು. ಕಡಲೇ ಇಲ್ಲದ ಊರಲ್ಲಿ ಕಡಲ ಪ್ರಾಣಿ.

ಖಿತಾನ್ ಅರಸರು ಬೌದ್ಧ ಧರ್ಮಕ್ಕೆ ಧಾರಾಳವಾಗಿ ಕೊಟ್ಟವರು. ಅವರ ಚಿಂಗ್‌ಜೊವ್ ಊರಿನ ಬಿಳಿ ಗೋಪುರ ಮುಗಿದದ್ದು 1049ರಲ್ಲಿ. 1989ರಲ್ಲಿ ರಿಪೇರಿ ಮಾಡುವಾಗ ಅದರ ತುದಿಯಲ್ಲಿ ನೂರಕ್ಕೂ ಹೆಚ್ಚು ಪುಟಾಣಿ ಸ್ತೂಪಗಳು ಸಿಕ್ಕವು. ಅವುಗಳ ಹೊಟ್ಟೆಯಲ್ಲಿ ಸುರುಳಿ ಸುತ್ತಿದ ಧಾರಣಿ ಮಂತ್ರಗಳು. ನ್ಯೂಯಾರ್ಕಿನ ಪ್ರದರ್ಶನದಲ್ಲಿ ಆ ಗೋಪುರದ ವಸ್ತುಗಳೂ ಇದ್ದವು.

ಇಂಥ ಪ್ರದರ್ಶನಗಳಲ್ಲಿ ಲೇಬಲ್ ಓದುವಾಗ ಒಂದು ವಿಷಯ ತಿಳಿದಿರಬೇಕು. ‘ಉತ್ತರ ಚೀನಾದ ಪ್ರಾಚೀನ ಚಿನ್ನ’ ಅಂದರೆ ಅದು ಈಗಿನ ನಕ್ಷೆಯ ಮಾತು. ಮಾಡಿಸಿಕೊಂಡವರು ತಮ್ಮನ್ನು ಖಿತಾನ್ ಎಂದುಕೊಂಡಿದ್ದರು. ಈ ಹೆಸರಿನ ಪ್ರಶ್ನೆ ಎಷ್ಟು ಬಿಸಿ ಅಂತ 2020ರಲ್ಲಿ ಗೊತ್ತಾಯಿತು. ಫ್ರಾನ್ಸಿನ ನಾಂತ್ ನಗರದ ಇತಿಹಾಸ ಮ್ಯೂಸಿಯಂ ಒಳ ಮಂಗೋಲಿಯಾದ ಮ್ಯೂಸಿಯಂ ಜೊತೆ ಸೇರಿ ಗೆಂಘಿಸ್ ಖಾನನ ಬಗ್ಗೆ ಪ್ರದರ್ಶನ ಮಾಡಹೊರಟಿತ್ತು. ‘ಗೆಂಘಿಸ್ ಖಾನ್’, ‘ಸಾಮ್ರಾಜ್ಯ’, ‘ಮಂಗೋಲ್’ ಎಂಬ ಪದಗಳನ್ನೇ ತೆಗೆಯಬೇಕು ಎಂದು ಚೀನಾದ ಅಧಿಕಾರಿಗಳು ಕೇಳಿದರು ಎಂದು ಮ್ಯೂಸಿಯಂ ಬಹಿರಂಗವಾಗಿ ಹೇಳಿ, ಪ್ರದರ್ಶನವನ್ನು ಮುಂದಕ್ಕೆ ಹಾಕಿತು. ಕೊನೆಗೆ 2023ರಲ್ಲಿ ಮಂಗೋಲಿಯಾ ದೇಶದ ನೆರವಿನಿಂದ ಅದು ನಡೆಯಿತು. ಖಿತಾನರ ವಿಷಯದಲ್ಲಿ ನೋಡಿದರೆ, ಅವರ ಹೆಸರು ಅಳಿಸಲು ಬಾರದಷ್ಟು ದೂರ ಹರಡಿದೆ. ರಷ್ಯನ್ನರು ಇವತ್ತಿಗೂ ಚೀನಾವನ್ನು ‘ಕಿತಾಯ್’ ಎನ್ನುತ್ತಾರೆ. ಯುರೋಪಿನ ಹಳೆಯ ‘ಕ್ಯಾಥೇ’ ಕೂಡ ಅದೇ. ಎರಡೂ ಖಿತಾನ್ ಎಂಬ ಹೆಸರಿನಿಂದಲೇ ಬಂದವು.

ಇನ್ನೆರಡು ಸಣ್ಣ ವಸ್ತುಗಳ ಬಗ್ಗೆ ಹೇಳದೆ ಮುಗಿಸಲಾರೆ. ಒಂದು, ಜೇಡ್ ಕಲ್ಲಿನ ಒಂದು ಬಾಗಿದ ಪಟ್ಟಿ. ಇನ್ನೊಂದು, ಜೇಡ್ ಹಿಡಿಯ ಬೆಳ್ಳಿ ದಬ್ಬಳ. ಬೇಸಿಗೆ ಬರುವ ಮುಂಚೆ, ಹಿಮ ಕರಗುವ ಹೊತ್ತಿಗೆ, ಆಸ್ಥಾನ ನದಿ, ಸರೋವರಗಳ ದಡಕ್ಕೆ ಹೋಗುತ್ತಿತ್ತು. ಹಂಸ, ಹೆಬ್ಬಾತುಗಳು ವಾಪಸ್ ಬರುವ ಕಾಲ. ಆಳುಗಳು ಡೋಲು ಬಡಿದು ಹಕ್ಕಿಗಳನ್ನು ಎಬ್ಬಿಸುತ್ತಿದ್ದರು. ಚಕ್ರವರ್ತಿ ಕೈಯಿಂದ ಡೇಗೆಯನ್ನು, ಅಂದರೆ ಪಳಗಿಸಿದ ಬೇಟೆ ಹಕ್ಕಿಯನ್ನು, ಬಿಡುತ್ತಿದ್ದ. ಅದು ತನಗಿಂತ ಎಷ್ಟೋ ದೊಡ್ಡದಾದ ಹಂಸದ ಮೇಲೆ ಎರಗಿ ಕೆಳಗೆ ಕೆಡವುತ್ತಿತ್ತು. ಹತ್ತಿರದವರು ಓಡಿ ಹೋಗಿ, ದಬ್ಬಳದಿಂದ ಹಂಸದ ತಲೆಗೆ ಚುಚ್ಚಿ, ಮೆದುಳು ತೆಗೆದು ಡೇಗೆಗೆ ತಿನ್ನಿಸುತ್ತಿದ್ದರು. ಜೇಡ್ ಪಟ್ಟಿ ಇರುವುದು ಡೇಗೆಯ ಉಗುರು ತಾಗದಂತೆ ತೋಳಿಗೆ ಕಟ್ಟಿಕೊಳ್ಳಲು.

ಆ ಡೇಗೆಗಳು ಖಿತಾನರ ನೆಲದವಲ್ಲ. ಅವನ್ನು ಈಶಾನ್ಯದಿಂದ ಜುರ್ಚೆನ್ ಜನ ತಂದು ಒಪ್ಪಿಸಬೇಕಿತ್ತು. ಡೇಗೆ ವಸೂಲಿಗೆ ಬಂದ ಅಧಿಕಾರಿಗಳ ಕಾಟ ತಲೆಮಾರಿನಿಂದ ತಲೆಮಾರಿಗೆ ಜಾಸ್ತಿಯಾಯಿತು. 1112ರ ವಸಂತದ ಔತಣದಲ್ಲಿ ಚಕ್ರವರ್ತಿ ಜುರ್ಚೆನ್ ನಾಯಕರಿಗೆಲ್ಲ ಎದ್ದು ಕುಣಿಯಿರಿ ಎಂದ. ಎಲ್ಲರೂ ಕುಣಿದರು. ಅಗುದಾ ಎಂಬವನೊಬ್ಬ ಕೂತಲ್ಲಿಂದ ಏಳಲಿಲ್ಲ. ಎರಡು ವರ್ಷದಲ್ಲಿ ಅವನು ದಂಗೆ ಎದ್ದ. ಮರುವರ್ಷ ತನ್ನದೇ ರಾಜ್ಯ ಸ್ಥಾಪಿಸಿ ಅದಕ್ಕೆ ‘ಜಿನ್’ ಎಂದು ಹೆಸರಿಟ್ಟ. ಜಿನ್ ಅಂದರೆ ಚಿನ್ನ. ಲಿಯಾವ್ ಗಟ್ಟಿ ಕಬ್ಬಿಣದ ಹೆಸರು ಹೊತ್ತ ರಾಜ್ಯ, ಆದರೆ ಕಬ್ಬಿಣ ಎಷ್ಟು ಗಟ್ಟಿಯಾದರೂ ಕೊನೆಗೆ ಕೆಡುತ್ತದೆ, ಕೆಡದೆ ಉಳಿಯುವುದು ಚಿನ್ನ ಒಂದೇ ಎಂದು ಅವನು ಹೇಳಿದನೆಂದು ಜಿನ್ ಚರಿತ್ರೆಯಲ್ಲಿದೆ. 1125ರಲ್ಲಿ ಲಿಯಾವ್‌ನ ಕೊನೆಯ ಚಕ್ರವರ್ತಿ ಸೆರೆ ಸಿಕ್ಕ.

ಆ ಯುದ್ಧದಲ್ಲಿ ಜುರ್ಚೆನ್ ಸೈನಿಕರು ಲಿಯಾವ್ ಅರಸರ ಸಮಾಧಿಗಳನ್ನು ಒಡೆದು ದೋಚಿದರು. ನೈಮನ್ ಬೆಟ್ಟದ ಬುಡದ ಈ ಗೋರಿ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. 1986ರಲ್ಲಿ ಒಳಗೆ ಹೋದವರಿಗೆ ಗಂಡ ಹೆಂಡತಿ ಮಲಗಿಸಿದ ಹಾಗೇ ಸಿಕ್ಕರು. ಅವಳ ಬೆರಳುಗಳಲ್ಲಿ ಹನ್ನೊಂದು ಉಂಗುರ. ಅವನ ತೋಳಿನಲ್ಲಿ ಡೇಗೆ ಕೂರಿಸುವ ಜೇಡ್ ಪಟ್ಟಿ.